ಸೈನ್ 200 ಡಿಗ್ರಿ ಅಂದರೆ ಏನು?

ಕಾಲೇಜಿನಲ್ಲಿ ತ್ರಿಕೋನಮಿತಿ ಓದಿದವರನ್ನು ಸುಮ್ನೆ ಒಮ್ಮೆ ಕೇಳಿ ನೋಡಿ, ಅದರಲ್ಲಿ ಏನು ನೆನಪಿದೆ ಅಂತ. ಹೆಚ್ಚಿನವರು ಹೇಳುವುದು ಒಂದೇ ಮಾತು: ಫಾರ್ಮುಲಾಗಳು. ಪುಟಗಟ್ಟಲೆ ಫಾರ್ಮುಲಾಗಳು, ಅವನ್ನು ಬಾಯಿಪಾಠ ಮಾಡಿದ್ದು, ಪರೀಕ್ಷೆ ಮುಗಿದ ಕೂಡಲೇ ಮರೆತದ್ದು. ಸರಿ, ಆ ಕೋರ್ಸ್ ಯಾವುದರ ಬಗ್ಗೆ ಇತ್ತು ಅಂತ ಕೇಳಿದರೆ "ತ್ರಿಭುಜದ ಬಗ್ಗೆ" ಅನ್ನುತ್ತಾರೆ. ಈ ಎರಡನೇ ಉತ್ತರ ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದೆ. ಕಾಲೇಜಿನ ತ್ರಿಕೋನಮಿತಿಯಲ್ಲಿ ತ್ರಿಭುಜಕ್ಕೆ ಸಿಗುವುದು ಒಂದೆರಡು ಅಧ್ಯಾಯ. ಉಳಿದದ್ದೆಲ್ಲ ತಿರುಗುವುದರ ಗಣಿತ. ತ್ರಿಜ್ಯ 1 ಇರುವ ಒಂದು ವೃತ್ತ ಇದೆ, ಅದರ ಮೇಲೆ ಒಂದು ಬಿಂದು ಸುತ್ತುತ್ತಿದೆ, ಈಗ ಅದು ಎಷ್ಟು ಎತ್ತರದಲ್ಲಿದೆ, ಎಷ್ಟು ಪಕ್ಕದಲ್ಲಿದೆ ಅನ್ನುವುದೇ ಇಡೀ ವಿಷಯ. ಎತ್ತರ ಸೈನ್, ಪಕ್ಕ ಕಾಸ್. ಇಷ್ಟು ಸರಳವಾದ ಸಂಗತಿ ಪೂರ್ತಿ ಕೋರ್ಸ್ ಮಾಡಿ ಪಾಸಾದವರ ಕೈಗೂ ಯಾಕೆ ಸಿಗುವುದಿಲ್ಲ?

ನನಗೆ ಇದು ಸಿಕ್ಕಿದ್ದು ಪುಸ್ತಕದಿಂದಲ್ಲ. ಸಂಜೆ ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದ ಇಬ್ಬರಿಂದ.

ಆ ತ್ರಿಭುಜ ಹೇಗಿರುತ್ತೆ?

ಶಾಲೆಯಲ್ಲಿ ಎಲ್ಲರೂ ಕಲಿತು ಬರುವುದು ಒಂದೇ ಪಾಠ. ಲಂಬಕೋನ ತ್ರಿಭುಜ, ಅಭಿಮುಖ ಬಾಹು, ಪಾರ್ಶ್ವ ಬಾಹು, ವಿಕರ್ಣ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್. ಕೋರ್ಸಿನ ಶುರುವಿನಲ್ಲಿ ನಾವೂ ಅದನ್ನೇ ಇನ್ನೊಮ್ಮೆ ಓದಿದೆವು. ಅದಾದ ಮೇಲೆ ಒಂದು ಸಂಜೆ ಬೋರ್ಡ್ ಮೇಲೆ ಸೈನ್ 200 ಡಿಗ್ರಿ ಅಂತ ಬಂತು. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ತ್ರಿಭುಜದ ಮೂರೂ ಕೋನ ಸೇರಿದ್ರೆ 180. ಲಂಬಕೋನಕ್ಕೇ ಅದರಲ್ಲಿ 90 ಹೋಯ್ತು. ಮತ್ತೆ 200 ಎಲ್ಲಿಂದ ಬರುತ್ತೆ? ಆ ತ್ರಿಭುಜ ಹೇಗಿರುತ್ತೆ?"

"ಅದಕ್ಕೆ ರೂಲ್ ಇದೆಯಮ್ಮ" ಅಂದರು ಮೇಷ್ಟ್ರು. ನಾಲ್ಕು ಕ್ವಾಡ್ರಂಟ್, ಅಂದರೆ ಸುತ್ತಿನ ನಾಲ್ಕು ಕಾಲುಭಾಗ, ಬರೆದರು. ಮೊದಲನೆಯದರಲ್ಲಿ ಎಲ್ಲವೂ ಧನ, ಎರಡನೆಯದರಲ್ಲಿ ಸೈನ್ ಮಾತ್ರ, ಮೂರನೆಯದರಲ್ಲಿ ಟ್ಯಾನ್, ನಾಲ್ಕನೆಯದರಲ್ಲಿ ಕಾಸ್. ನೆನಪಿಟ್ಟುಕೊಳ್ಳಲು 'ಆಲ್ ಸಿಲ್ವರ್ ಟೀ ಕಪ್ಸ್' ಅನ್ನುವ ಸಾಲು. 200 ಬರುವುದು ಮೂರನೇ ಕ್ವಾಡ್ರಂಟಿನಲ್ಲಿ, ಅಲ್ಲಿ ಸೈನ್ ಋಣ, 200ರಿಂದ 180 ಕಳೆದರೆ 20, ಹಾಗಾಗಿ ಉತ್ತರ ಮೈನಸ್ ಸೈನ್ 20. ಲೆಕ್ಕ ಸರಿಯಾಗಿಯೇ ಇತ್ತು. ಹುಡುಗಿ ಬರೆದುಕೊಂಡಳು. ಆದರೆ ಅವಳು ಕೇಳಿದ್ದು ಉತ್ತರ ಎಷ್ಟು ಅಂತಲ್ಲ, ಆ ತ್ರಿಭುಜ ಹೇಗಿರುತ್ತೆ ಅಂತ. ಇದ್ದದ್ದು ಇದ್ದ ಹಾಗೆ ಹೇಳಬೇಕಂದರೆ ಅಂಥ ತ್ರಿಭುಜ ಇಲ್ಲ. ಸೈನ್‌ಗೆ ಶಾಲೆಯಲ್ಲಿ ಕೊಟ್ಟಿದ್ದ ಅರ್ಥ 90 ಡಿಗ್ರಿಗೇ ಮುಗಿದುಹೋಯಿತು, ಇಲ್ಲಿಂದ ಮುಂದೆ ಬೇರೆ ಅರ್ಥ ಬೇಕು. ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳದೆ ಮುಂದೆ ಹೋದರೆ ಓದುವವರು ಹಳೇ ಅರ್ಥವನ್ನೇ ಹಿಡಿದುಕೊಂಡು, ಅದು ಹೊಂದದ ಕಡೆಗಳಲ್ಲೆಲ್ಲ ಒಂದೊಂದು ರೂಲ್ ಬಾಯಿಪಾಠ ಮಾಡುತ್ತಾ ಹೋಗುತ್ತಾರೆ. ಫಾರ್ಮುಲಾ ಹಾಳೆ ಉದ್ದವಾಗುವುದು ಅಲ್ಲಿಂದಲೇ.

ಬಿಡುವಿನಲ್ಲಿ ಅವಳು ಇನ್ನೂ ಅದೇ ಪುಟ ನೋಡುತ್ತಾ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಮೋಟಾರ್ ವೈಂಡಿಂಗ್ ಕೆಲಸ ಮಾಡುವವರೊಬ್ಬರು ಇದ್ದರು. ನಮಗೆಲ್ಲ ದೊಡ್ಡವರು, ಹಗಲು ಕೆಲಸ, ಸಂಜೆ ಓದು. ಅವರು ಎದ್ದು ಬಂದು ಅವಳ ನೋಟ್‌ಬುಕ್ ತಿರುಗಿಸಿಕೊಂಡು ಒಂದು ವೃತ್ತ ಬರೆದರು. ಅಡ್ಡಕ್ಕೆ ಒಂದು ಗೆರೆ, ಮಧ್ಯದಿಂದ ಅಂಚಿಗೆ ಇನ್ನೊಂದು ಗೆರೆ.

"ಇದು ಕಾಯಿಲ್ ಅಂದ್ಕೊಳಮ್ಮ. ಬಲಗಡೆಯಿಂದ ಶುರುವಾಗಿ ಮೇಲಕ್ಕೆ ತಿರುಗ್ತಾ ಇದೆ. ತೊಂಬತ್ತು ಬಂತು ಅಂತ ನಿಲ್ಲುತ್ತಾ?"

"ಇಲ್ಲ."

"ನೂರೆಂಬತ್ತು ದಾಟುತ್ತೆ, ಇನ್ನೂರು ದಾಟುತ್ತೆ, ಮುನ್ನೂರರವತ್ತಾಗಿ ಮತ್ತೆ ಮೊದಲಿಂದ. ಈಗ ಈ ತುದಿ ಅಡ್ಡಗೆರೆಯಿಂದ ಎಷ್ಟು ಮೇಲಿದೆ ನೋಡು. ಅದೇ ಸೈನು. ಇನ್ನೂರಲ್ಲಿ ತುದಿ ಗೆರೆ ಕೆಳಗೆ ಹೋಗಿದೆ. ಅದಕ್ಕೇ ಮೈನಸ್."

ಅವಳು ಬೆರಳಿಟ್ಟು ವೃತ್ತದ ಮೇಲೆ ಒಂದು ಸುತ್ತು ಹಾಕಿದಳು. "ಹಂಗಾದ್ರೆ ತ್ರಿಭುಜ ಬೇಡ್ವಾ ಅಣ್ಣ?"

"ಬೇಕಂದ್ರೆ ಒಳಗೆ ಬರ್ಕೊ. ತಿರುಗೋದಕ್ಕೆ ಅದು ಬೇಕಿಲ್ಲ."

ಅವರಿಗೆ ಇದು ಅಷ್ಟು ಸಲೀಸಾಗಿ ಬಂದದ್ದು ಯಾಕೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮಗೆಲ್ಲ ಕೋನ ಅಂದರೆ ಎರಡು ಗೆರೆ ಕೂಡುವ ಮೂಲೆ. ಮೂಲೆ ಅಂದಮೇಲೆ ಅದಕ್ಕೊಂದು ಮಿತಿ ಇರುತ್ತೆ. ಅವರಿಗೆ ಕೋನ ಅಂದರೆ ಎಷ್ಟು ತಿರುಗಿದೆ ಅನ್ನುವ ಅಳತೆ. ತಿರುಗುವುದಕ್ಕೆ ಮಿತಿ ಎಲ್ಲಿಯದು? 750 ಡಿಗ್ರಿ ಅಂದರೆ ಎರಡು ಪೂರ್ತಿ ಸುತ್ತು, ಮೇಲೆ 30. ಮೈನಸ್ 40 ಅಂದರೆ ಉಲ್ಟಾ ದಿಕ್ಕಿಗೆ 40. ಜನರೇಟರಿನಲ್ಲಿ ಕಾಯಿಲ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಅದರಿಂದ ಬರುವ ವೋಲ್ಟೇಜ್ ಆ ಕೋನದ ಸೈನ್‌ಗೆ ತಕ್ಕಂತೆ ಏರಿ ಇಳಿಯುತ್ತದೆ. ಅರ್ಧ ಸುತ್ತಿನಲ್ಲಿ ಧನ, ಇನ್ನರ್ಧ ಸುತ್ತಿನಲ್ಲಿ ಋಣ. ಆಸಿಲೋಸ್ಕೋಪಿನ ಪರದೆಯ ಮೇಲೆ ಆ ಅಲೆಯನ್ನು ಅವರು ಕೋರ್ಸಿಗೆ ಸೇರುವ ಮೊದಲೇ ನೋಡಿದ್ದರು. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಕ್ವಾಡ್ರಂಟ್ ರೂಲ್ ಈಗ ಬೇಡವೇ ಬೇಡ. 120 ಡಿಗ್ರಿಯಲ್ಲಿ ತುದಿ ಎಲ್ಲಿದೆ? ಮೇಲೆ, ಎಡಕ್ಕೆ. ಮೇಲಿದೆ ಅಂದರೆ ಸೈನ್ ಧನ, ಎಡಕ್ಕಿದೆ ಅಂದರೆ ಕಾಸ್ ಋಣ. ಕಣ್ಣಿಗೆ ಕಾಣುವುದನ್ನು ಬಾಯಿಪಾಠ ಮಾಡುವುದು ಯಾಕೆ? ಸೈನ್ (ಎ + ಬಿ) ಅಂದರೆ ಸೈನ್ ಎ + ಸೈನ್ ಬಿ ಅಂತ ಬರೆಯುವುದು ಪ್ರತೀ ತರಗತಿಯಲ್ಲೂ ಇದ್ದದ್ದೇ. ಅದನ್ನು ತಪ್ಪು ಅಂತ ಕೆಂಪು ಇಂಕಿನಲ್ಲಿ ಹೊಡೆದುಹಾಕಿದರೆ ಸಾಲದು. ವೃತ್ತ ನೋಡಿ: ಎ 30, ಬಿ 60 ಆದರೆ 0.5 ಮತ್ತು 0.866 ಸೇರಿ 1.366 ಆಗುತ್ತೆ. ತ್ರಿಜ್ಯ 1 ಇರುವ ವೃತ್ತದ ಮೇಲಿನ ಬಿಂದು 1.366 ಎತ್ತರಕ್ಕೆ ಹೋಗುವುದು ಹೇಗೆ? ಸಾಧ್ಯವೇ ಇಲ್ಲ. 90 ಡಿಗ್ರಿಯಲ್ಲಿ ಅದು ನೆತ್ತಿಯ ಮೇಲಿದೆ, ಎತ್ತರ ಸರಿಯಾಗಿ 1.

ವೃತ್ತವೇ ಮೊದಲು

ತ್ರಿಭುಜದಿಂದ ಶುರು ಮಾಡಿ ವೃತ್ತಕ್ಕೆ ಹೋಗುವುದೇ ಸಹಜವಾದ ದಾರಿ ಅಂತ ನಾನೂ ಅಂದುಕೊಂಡಿದ್ದೆ. ಈ ವಿಷಯ ಬೆಳೆದ ದಾರಿ ನೋಡಿದರೆ ಉಲ್ಟಾ ಇದೆ. ಗ್ರಹಗಳು ಆಕಾಶದಲ್ಲಿ ಎಲ್ಲಿರುತ್ತವೆ ಅಂತ ಲೆಕ್ಕ ಹಾಕಬೇಕಿತ್ತು, ಗ್ರಹಗಳು ಸುತ್ತುತ್ತವೆ, ಹಾಗಾಗಿ ವೃತ್ತ. ಕ್ರಿಸ್ತಪೂರ್ವ ಎರಡನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ವೃತ್ತದ ಜ್ಯಾಗಳ, ಅಂದರೆ ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆಗಳ, ಕೋಷ್ಟಕ ಮಾಡಿದ. ಕ್ರಿಸ್ತಶಕ ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಅರ್ಧರ್ಧ ಡಿಗ್ರಿಗೆ ಒಂದರಂತೆ 180 ಡಿಗ್ರಿಯವರೆಗೂ ಲೆಕ್ಕ ಹಾಕಿಟ್ಟ. ಅವನ ವೃತ್ತದ ತ್ರಿಜ್ಯ 60. ಪೂರ್ತಿ ಜ್ಯಾದ ಬದಲು ಅರ್ಧ ಜ್ಯಾ ತೆಗೆದುಕೊಂಡರೆ ಅದೇ ನಮ್ಮ ಸೈನ್. 499ರ ಆರ್ಯಭಟೀಯದಲ್ಲಿ ಇರುವುದು ಅದು. ಇವರು ಯಾರೂ ಬಾಹು ಭಾಗಿಸು ವಿಕರ್ಣ ಅಂತ ಶುರು ಮಾಡಿದವರಲ್ಲ. ಲಂಬಕೋನ ತ್ರಿಭುಜದ ಬಾಹುಗಳಿಂದಲೇ ನೇರವಾಗಿ ಇವನ್ನೆಲ್ಲ ಹೇಳಿದ್ದು ಕೋಪರ್ನಿಕಸನ ಶಿಷ್ಯ ರೆಟಿಕಸ್, ಅದೂ 1551ರಲ್ಲಿ. ಶಾಲೆಯಲ್ಲಿ ನಾವು ಮೊದಲ ದಿನ ಕಲಿಯುವುದು ಈ ಕಥೆಯಲ್ಲಿ ಇಷ್ಟು ತಡವಾಗಿ ಬಂದದ್ದು.

ಆರ್ಯಭಟನ ಕೋಷ್ಟಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನನ್ನ ಮಟ್ಟಿಗೆ ಇಡೀ ಕೋರ್ಸಿನ ಸಾರ ಆ 24 ಸಂಖ್ಯೆಗಳಲ್ಲಿದೆ. ವೃತ್ತದ ಪರಿಧಿ 360 ಡಿಗ್ರಿ, ಒಂದು ಡಿಗ್ರಿಗೆ 60 ಕಲೆ, ಒಟ್ಟು 21,600 ಕಲೆ. ಅದೇ ಕಲೆಗಳಲ್ಲೇ ತ್ರಿಜ್ಯವನ್ನೂ ಅಳೆದರೆ 3438 ಬರುತ್ತದೆ. ಕಾಲು ವೃತ್ತವನ್ನು 24 ಸಮ ಹೆಜ್ಜೆ ಮಾಡಿದರೆ ಒಂದೊಂದು ಹೆಜ್ಜೆ 225 ಕಲೆ, ಅಂದರೆ 3 ಡಿಗ್ರಿ 45 ಕಲೆ. ಬಿಂದು ಒಂದೊಂದು ಹೆಜ್ಜೆ ಸರಿದಾಗಲೂ ಅದರ ಎತ್ತರ ಎಷ್ಟು ಏರಿತು ಅನ್ನುವುದನ್ನು ಮಾತ್ರ ಅವನು ಹೇಳುತ್ತಾನೆ: 225, 224, 222, 219, 215, 210, 205, 199, ಹೀಗೆ ಇಳಿಯುತ್ತಾ ಹೋಗಿ ಕೊನೆಗೆ 51, 37, 22, 7.

ಪೆನ್ನು ಹಿಡಿದು ಮೊದಲ ಎಂಟನ್ನು ಕೂಡಿ. 1719 ಬರುತ್ತದೆ. ಎಂಟು ಹೆಜ್ಜೆ ಅಂದರೆ 30 ಡಿಗ್ರಿ. 1719 ಅಂದರೆ 3438ರ ಸರಿ ಅರ್ಧ. ಸೈನ್ 30 ಅಂದರೆ ಅರ್ಧ ಅಂತ ನಾವು ಬಾಯಿಪಾಠ ಮಾಡಿದ್ದು ಇಲ್ಲಿ ಎದುರಿಗೇ ಕೂತಿದೆ. 24ನ್ನೂ ಕೂಡಿದರೆ 3438, ಅಂದರೆ ನೆತ್ತಿ ಮುಟ್ಟಿತು.

ಆದರೆ ನನಗೆ ಹೆಚ್ಚು ಇಷ್ಟವಾಗುವುದು ಮೊದಲನೆಯ ಮತ್ತು ಕೊನೆಯ ಸಂಖ್ಯೆ. ಮೊದಲ ಹೆಜ್ಜೆಯಲ್ಲಿ ಬಿಂದು ವೃತ್ತದ ಮೇಲೆ 225 ಸರಿಯಿತು, ಎತ್ತರವೂ 225 ಏರಿತು. ಶುರುವಿನಲ್ಲಿ ಅದು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೇ ಹೋಗುತ್ತಿರುತ್ತದೆ. ಕೊನೆಯ ಹೆಜ್ಜೆಯಲ್ಲೂ ಅಷ್ಟೇ 225 ಸರಿಯಿತು, ಎತ್ತರ ಏರಿದ್ದು ಬರೀ 7. ನೆತ್ತಿಯ ಹತ್ತಿರ ಅದು ಪಕ್ಕಕ್ಕೆ ಸರಿಯುತ್ತಿರುತ್ತದೆ, ಏರುವುದು ನಿಂತೇ ಹೋಗಿರುತ್ತದೆ. ಎತ್ತರ ಎಷ್ಟು ಜೋರಾಗಿ ಏರುತ್ತಿದೆ ಅನ್ನುವುದು ಬಿಂದು ಪಕ್ಕಕ್ಕೆ ಎಷ್ಟು ದೂರ ಇದೆ ಅನ್ನುವುದನ್ನು ಅವಲಂಬಿಸಿದೆ. ಮುಂದೆ ಕ್ಯಾಲ್ಕುಲಸ್‌ನಲ್ಲಿ ಸೈನ್‌ನ ಡೆರಿವೇಟಿವ್, ಅಂದರೆ ಅದು ಬದಲಾಗುವ ವೇಗ, ಕಾಸ್ ಅಂತ ಒಂದು ಸಾಲು ಬರುತ್ತದೆ, ಜನ ಅದನ್ನೂ ಬಾಯಿಪಾಠ ಮಾಡುತ್ತಾರೆ. 225ರಿಂದ 7ಕ್ಕೆ ಇಳಿಯುವ ಈ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಬರೆದವರಿಗೆ ಆ ಸಾಲು ಹಳೇ ಪರಿಚಯದಂತೆ ಕಾಣುತ್ತದೆ.

ರೇಡಿಯನ್ ಯಾಕೆ

ಕೋರ್ಸಿನಲ್ಲಿ ಜನ ಜಾಸ್ತಿ ಸಿಟ್ಟಾಗುವುದು ರೇಡಿಯನ್ ಮೇಲೆ. ಡಿಗ್ರಿ ಚೆನ್ನಾಗೇ ಇತ್ತಲ್ಲ, ಪೈ ಬೈ 6 ಅಂತ ಯಾಕೆ ಬರೆಯಬೇಕು? ತ್ರಿಭುಜ ಮಾತ್ರ ಮನಸ್ಸಿನಲ್ಲಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಬಿಂದು ಸುತ್ತುತ್ತಿದೆ ಅಂದುಕೊಂಡರೆ ಉತ್ತರ ಸಲೀಸು: ಅದು ವೃತ್ತದ ಮೇಲೆ ನಡೆದ ದೂರವನ್ನು ತ್ರಿಜ್ಯದಲ್ಲಿ ಅಳೆಯಿರಿ. ಒಂದು ತ್ರಿಜ್ಯದಷ್ಟು ನಡೆದರೆ 1 ರೇಡಿಯನ್. ಪೂರ್ತಿ ಸುತ್ತಿಗೆ 2 ಪೈ, ಅಂದರೆ 6.28ರಷ್ಟು. ನಡೆದ ದೂರ, ಏರಿದ ಎತ್ತರ ಎರಡಕ್ಕೂ ಒಂದೇ ಅಳತೆಗೋಲು. ಆರ್ಯಭಟ ತ್ರಿಜ್ಯವನ್ನೂ ಕಂಸವನ್ನೂ ಒಂದೇ ಕಲೆಗಳಲ್ಲಿ ಅಳೆದದ್ದು ಇದೇ ಯೋಚನೆ. 1 ರೇಡಿಯನ್ ಅಂದರೆ ಎಷ್ಟು ಕಲೆ ಅಂತ ಲೆಕ್ಕ ಹಾಕಿದರೆ 3437.75 ಬರುತ್ತದೆ, ಅವನ 3438. ರೇಡಿಯನ್ ಅನ್ನುವ ಹೆಸರು ಮಾತ್ರ ಹೊಸದು. ಅದು ಮೊದಲು ಅಚ್ಚಾದದ್ದು 1873ರಲ್ಲಿ, ಬೆಲ್‌ಫಾಸ್ಟಿನಲ್ಲಿ ಜೇಮ್ಸ್ ಥಾಮ್ಸನ್ ತಯಾರಿಸಿದ ಪರೀಕ್ಷೆಯ ಪ್ರಶ್ನೆಗಳಲ್ಲಿ.

ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿದ್ದಾಗ ಸೈನ್ 30 ಒತ್ತಿದರೆ 0.5 ಬರುವುದಿಲ್ಲ, ಮೈನಸ್ 0.988 ಬರುತ್ತದೆ. ತರಗತಿಯಲ್ಲಿ ಇದಕ್ಕೆ ಸಿಗುವ ಸಲಹೆ "ಮೋಡ್ ಬದಲಾಯಿಸ್ಕೊಳಿ" ಅಂತ. ಬದಲಾಯಿಸಬೇಕು, ನಿಜ. ಆದರೆ ಅದಕ್ಕೂ ಮೊದಲು ಒಂದು ನಿಮಿಷ ಆ ಸಂಖ್ಯೆಯನ್ನು ನೋಡಿದರೆ ಎಷ್ಟು ಚೆನ್ನಾಗಿದೆ ಗೊತ್ತಾ? ಮೆಷಿನ್ ಸರಿಯಾದ ಉತ್ತರವನ್ನೇ ಕೊಟ್ಟಿದೆ. 30 ರೇಡಿಯನ್ ಅಂದರೆ 30ನ್ನು 6.28ರಿಂದ ಭಾಗಿಸಿ, 4.77 ಸುತ್ತು. ನಾಲ್ಕು ಪೂರ್ತಿ ಸುತ್ತು, ಮೇಲೆ ಮುಕ್ಕಾಲಿಗಿಂತ ಒಂಚೂರು ಜಾಸ್ತಿ. ಮುಕ್ಕಾಲು ಸುತ್ತಿನಲ್ಲಿ ಬಿಂದು ವೃತ್ತದ ತಳದಲ್ಲಿರುತ್ತದೆ, ಎತ್ತರ ಮೈನಸ್ 1. ಅದನ್ನು ಒಂಚೂರು ದಾಟಿ ಮೇಲೇಳುತ್ತಿದೆ, ಅದಕ್ಕೇ ಮೈನಸ್ 0.988. ಈ ಒಂದು ಲೆಕ್ಕ ಅರ್ಥವಾದವರಿಗೆ ರೇಡಿಯನ್ ಪೂರ್ತಿ ಅರ್ಥವಾಗಿದೆ ಅಂತಲೇ ನನ್ನ ನಂಬಿಕೆ.

ರಟ್ಟಿನ ಚಕ್ರ

ಕ್ವಾಡ್ರಂಟ್ ರೂಲ್ ಹೇಳಿಕೊಟ್ಟ ಅದೇ ಮೇಷ್ಟ್ರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತೆ. ಕೂಡುವ ಕೋನಗಳ ಫಾರ್ಮುಲಾ ಬಂದಾಗ ಅವರು ಮಾಡಿದ ಪಾಠದಂಥ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ. ದುಂಡಗೆ ಕತ್ತರಿಸಿದ ಒಂದು ರಟ್ಟು ತಂದಿದ್ದರು. ಅಂಚಿನಲ್ಲಿ ಎರಡು ತೂತು, ಎರಡಕ್ಕೂ ಸೇರಿಸಿ ಬಿಗಿಯಾಗಿ ಕಟ್ಟಿದ ಒಂದು ಕೆಂಪು ದಾರ. ರಟ್ಟಿನ ನಡುಮಧ್ಯಕ್ಕೆ ಪಿನ್ನು ಚುಚ್ಚಿ ನೋಟಿಸ್ ಬೋರ್ಡಿಗೆ ಸಿಗಿಸಿದರು. ಒಂದು ತೂತು ಎ ಕೋನದಲ್ಲಿ, ಇನ್ನೊಂದು ಬಿ ಕೋನದಲ್ಲಿ. "ದಾರದ ಉದ್ದ ಎಷ್ಟು, ಹೇಳಿ."

ಎರಡು ಬಿಂದುಗಳ ನಡುವಿನ ದೂರದ ಸೂತ್ರ ಎಲ್ಲರಿಗೂ ಗೊತ್ತಿತ್ತು. ಒಂದು ಬಿಂದು (ಕಾಸ್ ಎ, ಸೈನ್ ಎ), ಇನ್ನೊಂದು (ಕಾಸ್ ಬಿ, ಸೈನ್ ಬಿ). ಬಿಡಿಸಿದರೆ ದಾರದ ಉದ್ದದ ವರ್ಗ 2 − 2(ಕಾಸ್ ಎ ಕಾಸ್ ಬಿ + ಸೈನ್ ಎ ಸೈನ್ ಬಿ). ಅದನ್ನು ಬೋರ್ಡಿನ ಎಡಕ್ಕೆ ಬರೆದರು. ಆಮೇಲೆ ಒಂದೂ ಮಾತಾಡದೆ ರಟ್ಟನ್ನು ಹಿಂದಕ್ಕೆ ತಿರುಗಿಸಿದರು, ಬಿ ತೂತು ಅಡ್ಡಗೆರೆಯ ಮೇಲೆ ಬರುವವರೆಗೆ. "ದಾರ ಉದ್ದವಾಯ್ತಾ? ಗಿಡ್ಡವಾಯ್ತಾ?" ಎರಡೂ ಇಲ್ಲ. ತಿರುಗಿಸಿದ ಮಾತ್ರಕ್ಕೆ ದಾರ ಯಾಕೆ ಬದಲಾಗುತ್ತೆ? ಈಗ ಒಂದು ಬಿಂದು (1, 0), ಇನ್ನೊಂದು ಎ − ಬಿ ಕೋನದಲ್ಲಿದೆ. ಮತ್ತೆ ದೂರ ಲೆಕ್ಕ ಹಾಕಿದರೆ ವರ್ಗ 2 − 2 ಕಾಸ್ (ಎ − ಬಿ). ಅದನ್ನು ಬಲಕ್ಕೆ ಬರೆದರು. ದಾರ ಒಂದೇ, ಹಾಗಾಗಿ ಎರಡೂ ಸಮ. ಕಾಸ್ (ಎ − ಬಿ) = ಕಾಸ್ ಎ ಕಾಸ್ ಬಿ + ಸೈನ್ ಎ ಸೈನ್ ಬಿ.

ತರಗತಿ ಪೂರ್ತಿ ಸದ್ದಿಲ್ಲದೆ ಕೂತಿತ್ತು. ಆಮೇಲೆ ಅವರು ಆ ಒಂದು ಸಾಲಿನಿಂದ ಉಳಿದದ್ದನ್ನೆಲ್ಲ ಎಳೆಯುತ್ತಾ ಹೋದರು. ಎ, ಬಿ ಎರಡೂ ಒಂದೇ ಅಂದುಕೊಳ್ಳಿ, ಎಡಗಡೆ ಕಾಸ್ 0, ಅಂದರೆ 1: ಕಾಸ್ ವರ್ಗ, ಸೈನ್ ವರ್ಗ ಕೂಡಿದರೆ 1. ಬಿ ಬದಲು ಮೈನಸ್ ಬಿ ಹಾಕಿ, ಕಾಸ್ (ಎ + ಬಿ) ಬಂತು. ಅದರಲ್ಲಿ ಬಿ ಬದಲು ಎ ಹಾಕಿ, ಕಾಸ್ 2ಎ ಬಂತು. ಅದನ್ನು ತಿರುಗಿಸಿ ಬರೆಯಿರಿ, ಅರ್ಧಕೋನದ ಸೂತ್ರ ಬಂತು. 45ರಿಂದ 30 ಕಳೆಯಿರಿ, ಕಾಸ್ 15 ಬಂತು, 0.966 ಹತ್ತಿರ. ಗೈಡಿನಲ್ಲಿ ಎರಡು ಪುಟ ತುಂಬಿದ್ದ ಪಟ್ಟಿ ಒಂದು ಸಂಜೆಯಲ್ಲಿ ಒಂದು ರಟ್ಟು, ಒಂದು ದಾರದಿಂದ ಹೊರಬಂತು. ಅವರಿಗೆ ವಿಷಯ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ 200 ಡಿಗ್ರಿಯ ದಿನ ರೂಲ್ ಹೇಳಿ ಮುಗಿಸಿದ್ದು ಯಾಕೆ? ಸಿಲಬಸ್ ಓಡಬೇಕು, ಪ್ರಶ್ನೆಪತ್ರಿಕೆಯಲ್ಲಿ ಕೇಳುವುದು ಬೆಲೆ ಎಷ್ಟು ಅಂತ ಮಾತ್ರ. ಈ ಒತ್ತಡ ಕಲಿಸುವವರ ಮೇಲೆ ಎಷ್ಟಿರುತ್ತೆ ಅಂತ ನಾವು ಹೊರಗಿನಿಂದ ಸುಲಭವಾಗಿ ಮರೆಯುತ್ತೇವೆ.

ಎಡಬದಿ ಬಲಬದಿ ಸಮ ಅಂತ ಸಾಧಿಸುವ ಲೆಕ್ಕಗಳ ಬಗ್ಗೆ ನನಗೆ ತಕರಾರಿದೆ. ಸ್ವಲ್ಪ ಮಟ್ಟಿಗೆ ಅವು ಬೇಕು, ಬೀಜಗಣಿತದ ಕೈ ಪಳಗುತ್ತದೆ. ಆದರೆ ಸೆಕ್, ಕೊಸೆಕ್, ಕಾಟ್ ಮೂರನ್ನೂ ಕಲಸಿ ಗಂಟು ಹಾಕಿ ಬಿಡಿಸಿ ಅನ್ನುವ ಲೆಕ್ಕಗಳಿಗೆ ಕೋರ್ಸಿನ ಅರ್ಧ ಹೊತ್ತು ಹೋಗುತ್ತದಲ್ಲ, ಅಲ್ಲಿ ವೃತ್ತವೂ ಇಲ್ಲ, ತ್ರಿಭುಜವೂ ಇಲ್ಲ, ಚಿಹ್ನೆಗಳು ಮಾತ್ರ. ತ್ರಿಕೋನಮಿತಿ ಅಂದರೆ ಇದೇ ಅಂತ ಜನ ತಿಳಿದುಕೊಂಡು ಹೋಗುವುದು ಆ ವಾರಗಳಲ್ಲೇ.

ಎರಡು ಉತ್ತರ

ಸೈನ್ ಎಕ್ಸ್ ಅರ್ಧ ಆದರೆ ಎಕ್ಸ್ ಎಷ್ಟು? ಕ್ಯಾಲ್ಕುಲೇಟರ್ 30 ಅನ್ನುತ್ತದೆ. ವೃತ್ತ ನೋಡಿದರೆ ಅರ್ಧ ಎತ್ತರದಲ್ಲಿ ಬಲಕ್ಕೆ ಒಂದು ಬಿಂದು, ಎಡಕ್ಕೆ ಒಂದು ಬಿಂದು: 30, 150. ಒಂದು ಸುತ್ತು ಹೋಗಿ ಬಂದರೆ 390, 510, ಹೀಗೆ ಮುಗಿಯುವುದೇ ಇಲ್ಲ. ಮೆಷಿನ್ ಒಂದೇ ಉತ್ತರ ಕೊಡಬೇಕಾದ್ದರಿಂದ ಸೈನ್ ಇನ್ವರ್ಸಿಗೆ ಮೈನಸ್ 90ರಿಂದ 90ರವರೆಗಿನ ಉತ್ತರ ಮಾತ್ರ ಅಂತ ಒಪ್ಪಂದ ಮಾಡಿಕೊಂಡಿದ್ದಾರೆ. ತ್ರಿಭುಜದ ಅಧ್ಯಾಯದಲ್ಲಿ ಎಲ್ಲರನ್ನೂ ಗೋಳಾಡಿಸುವ ಒಂದು ಸಂದರ್ಭ ಬರುತ್ತದಲ್ಲ, ಎರಡು ಬಾಹು ಮತ್ತು ಅವುಗಳ ನಡುವೆ ಇಲ್ಲದ ಒಂದು ಕೋನ ಕೊಟ್ಟಾಗ ಕೆಲವೊಮ್ಮೆ ಎರಡು ತ್ರಿಭುಜ ಬರುವುದು, ಅದರ ಮೂಲವೂ ಇದೇ. ಬಾಹುವನ್ನೂ ಅದರ ಎದುರಿನ ಕೋನದ ಸೈನನ್ನೂ ಜೋಡಿಸುವ ಸೈನ್ ನಿಯಮ ನಮಗೆ ಕೋನ ಕೊಡುವುದಿಲ್ಲ, ಎತ್ತರ ಕೊಡುತ್ತದೆ. ಅದೇ ಎತ್ತರ ವೃತ್ತದ ಬಲಕ್ಕೂ ಇದೆ, ಎಡಕ್ಕೂ ಇದೆ.

ಇಷ್ಟೆಲ್ಲ ಹೇಳಿದರೂ ತ್ರಿಭುಜವನ್ನು ಕೀಳು ಮಾಡುವುದು ನನ್ನ ಉದ್ದೇಶವಲ್ಲ. 1802ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಹತ್ತಿರ ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು ನೆಲದ ಮೇಲೆ ಸರಪಳಿಯಿಂದ ಅಳೆದು, ಅಲ್ಲಿಂದ ಮುಂದೆ ಬಹುಪಾಲು ಕೋನಗಳನ್ನೇ ಅಳೆಯುತ್ತಾ ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತಾ ಹೋದ. ಮುಂದೆ ಅದೇ ಸರ್ವೆಯ ಅಳತೆಗಳಿಂದ ರಾಧಾನಾಥ್ ಸಿಕ್ದಾರ್ ಹದಿನೈದನೇ ನಂಬರಿನ ಶಿಖರದ ಲೆಕ್ಕ ಹಾಕಿದರು. 1856ರಲ್ಲಿ ಅದರ ಎತ್ತರ 29,002 ಅಡಿ ಅಂತ ಪ್ರಕಟವಾಯಿತು. ಅದೇ ಎವರೆಸ್ಟ್. ಹತ್ತಲಾಗದ ಶಿಖರವನ್ನು ದೂರದಿಂದ ಅಳೆದದ್ದು ತ್ರಿಭುಜವೇ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಆಗ ಇರಲಿಲ್ಲ. ಆದರೆ ಈಗ ಕೋರ್ಸ್ ಮುಗಿಸಿ ಹೋಗುವವರಲ್ಲಿ ಹೆಚ್ಚಿನವರಿಗೆ ಸೈನ್ ಎದುರಾಗುವುದು ಬೆಟ್ಟದ ಎತ್ತರ ಅಳೆಯುವಾಗಲ್ಲ. ಶಬ್ದ, ಕರೆಂಟು, ಬೆಳಕು, ಕಂಪನ, ಹೀಗೆ ಏರಿಳಿಯುವ ಸಂಗತಿಗಳಲ್ಲಿ.

1822ರಲ್ಲಿ ಶಾಖ ಹರಿಯುವ ಬಗೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಫ್ರೆಂಚ್ ಗಣಿತಜ್ಞ ಫೊರಿಯೇ, ಮತ್ತೆ ಮತ್ತೆ ಮರಳಿ ಬರುವ ಏರಿಳಿತಗಳನ್ನು ಸೈನ್, ಕಾಸ್‌ಗಳನ್ನು ಕೂಡಿ ಕಟ್ಟಬಹುದು ಅಂತ ತೋರಿಸಿದ. ಇದು ಎಷ್ಟು ದೂರ ಹೋಯಿತು ಅನ್ನುವುದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಕಡಲಿನ ಉಬ್ಬರವಿಳಿತದ ಯಂತ್ರ. 1870ರ ದಶಕದ ಶುರುವಿನಲ್ಲಿ ವಿಲಿಯಂ ಥಾಮ್ಸನ್ ಅದನ್ನು ಮಾಡಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಆದವನು, ರೇಡಿಯನ್ನಿನ ಜೇಮ್ಸ್ ಥಾಮ್ಸನ್ ಅವನ ಅಣ್ಣ. ಚಂದ್ರನ ಎಳೆತದಿಂದ ನೀರು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರುತ್ತದೆ, ಸೂರ್ಯನ ಎಳೆತದಿಂದ 12 ಗಂಟೆಗೊಮ್ಮೆ. ಇನ್ನೂ ಚಿಕ್ಕಪುಟ್ಟವು ಹಲವು. ಯಂತ್ರದಲ್ಲಿ ಒಂದೊಂದಕ್ಕೂ ಒಂದೊಂದು ಚಕ್ರ, ಒಂದೊಂದಕ್ಕೂ ಅದರದೇ ವೇಗ. ಪ್ರತಿ ಚಕ್ರವೂ ಒಂದು ರಾಟೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಎಲ್ಲ ರಾಟೆಗಳ ಮೇಲೂ ಹಾದುಹೋಗುವ ಒಂದೇ ದಾರ ಆ ಏರಿಳಿತಗಳನ್ನೆಲ್ಲ ಕೂಡುತ್ತದೆ, ಅದರ ತುದಿಗೆ ಕಟ್ಟಿದ ಪೆನ್ನು ಕಾಗದದ ಮೇಲೆ ಮುಂದಿನ ದಿನಗಳ ಕಡಲನ್ನು ಬರೆಯುತ್ತದೆ. ಕೈಯಿಂದ ಹಿಡಿಕೆ ತಿರುಗಿಸುತ್ತಾ ಹೋದರೆ ಸಾಕು. ಅಲ್ಲಿ ಎಲ್ಲೂ ತ್ರಿಭುಜ ಇಲ್ಲ. ತಿರುಗುವ ಚಕ್ರಗಳ ಎತ್ತರಗಳನ್ನು ಕೂಡುವುದು, ಅಷ್ಟೇ.

ಪ್ರಶ್ನೆಪತ್ರಿಕೆ

ಈ ಕೋರ್ಸಿಗೆ ಸೇರುವವರು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೈವಾರದಿಂದ ದೊಡ್ಡದೊಂದು ವೃತ್ತ ಬರೆಯಿರಿ, 30, 45, 60 ಡಿಗ್ರಿಗಳನ್ನು ಗುರುತು ಮಾಡಿ, ಸ್ಕೇಲ್ ಇಟ್ಟು ಎತ್ತರ ಅಳೆಯಿರಿ. 10 ಸೆಂಟಿಮೀಟರ್ ತ್ರಿಜ್ಯ ಇದ್ದರೆ ಒಳ್ಳೆಯದು, ಹತ್ತರಿಂದ ಭಾಗಿಸಿದರೆ ಆಯಿತು. 45ರ ಹತ್ತಿರ 7.1 ಸೆಂಟಿಮೀಟರ್ ಸಿಗುತ್ತದೆ, 60ರ ಹತ್ತಿರ 8.7. ರೂಟ್ 3 ಬೈ 2 ಅನ್ನುವುದು ಸ್ಕೇಲಿನ ಮೇಲೆ ಕಾಣುವ ಉದ್ದ ಅಂತ ಗೊತ್ತಾದ ಮೇಲೆ ಅದು ಹೆದರಿಸುವುದಿಲ್ಲ. ಯಾವ ಫಾರ್ಮುಲಾ ಬಂದರೂ ಮೊದಲು ಆ ಪುಟಕ್ಕೆ ಹೋಗಿ, ಅದು ನಿಜವೇ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಸಾಧನೆಗೆ ಬನ್ನಿ. ಗೈಡ್ ಬೇಡ ಅನ್ನುವುದಿಲ್ಲ. ಅದನ್ನು ಕೊನೆಗೆ ತೆರೆಯಿರಿ.

ಕಲಿಸುವವರಿಗೆ ಸಲಹೆ ಕೊಡುವಷ್ಟು ದೊಡ್ಡವನು ನಾನಲ್ಲ. ಆದರೆ ಪ್ರಶ್ನೆಪತ್ರಿಕೆ ಬದಲಾದರೆ ಪಾಠ ತಾನಾಗಿ ಬದಲಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ? ಸೈನ್ 200ರ ಬೆಲೆ ಎಷ್ಟು ಅಂತ ಕೇಳುವ ಕಡೆ ಬೇರೆ ಪ್ರಶ್ನೆ ಕೇಳಬಹುದು. ಕ್ಯಾಲ್ಕುಲೇಟರ್ ಇಲ್ಲದೆ, ಯಾವ ಫಾರ್ಮುಲಾವನ್ನೂ ಬಳಸದೆ, ಒಂದು ಚಿತ್ರ ಮತ್ತು ಎರಡು ವಾಕ್ಯದಲ್ಲಿ ಉತ್ತರ ಬರೆಯುವಂಥದ್ದು. ನಾನು ಕೇಳುವುದಾದರೆ ಇದನ್ನು ಕೇಳುತ್ತೇನೆ: ಕೋನಗಳು ರೇಡಿಯನ್‌ನಲ್ಲಿವೆ. ಸೈನ್ 3 ಧನ, ಸೈನ್ 4 ಋಣ. ಯಾಕೆ?